‘ಹೂಂ’ ಅಂದವನ ಪ್ರೇಮ ಪ್ರಕರಣ

‘ಈ ಪುಸ್ತಕಾ ನಿಮಗ ಬೇಕಾಗೇತೇನ್ರಿ?’

ಗ್ರಂಥಾಲಯದ ಕೌಂಟರಿನ ಮೇಲೆ ಇದ್ದದ್ದು ಒಂದೇ ಪ್ರತಿ. ಅದರ ಒಂದು ಅಂಚಿನಲ್ಲಿ ಆಕೆಯ ಕೈ, ಇನ್ನೊಂದು ಅಂಚಿನಲ್ಲಿ ನನ್ನದು. ನಿಜ ಹೇಳಬೇಕೆಂದರೆ ಆ ಪುಸ್ತಕ ನನಗೆ ಬೇಕಿರಲಿಲ್ಲ. ಪಕ್ಕದಲ್ಲಿದ್ದ ಅರ್ಥಶಾಸ್ತ್ರದ ದಪ್ಪ ಪುಸ್ತಕಕ್ಕೆ ಕೈ ಚಾಚಿದ್ದವನು, ಆಕೆ ಬಂದು ನಿಂತದ್ದನ್ನು ನೋಡಿ ಗಾಬರಿಯಾಗಿ ಇದರ ಮೇಲೆ ಕೈ ಇಟ್ಟಿದ್ದೆ. ‘ಬ್ಯಾಡ್ರಿ, ನೀವs ತಗೋರಿ’ ಎಂದಿದ್ದರೆ ಮುಗಿಯುತ್ತಿತ್ತು. ಆ ಮೂರು ಪದ ಗಂಟಲಲ್ಲಿ ಸಾಲಾಗಿ ನಿಂತವು, ಒಂದೂ ಮುಂದೆ ಬರಲಿಲ್ಲ. ಬಂದದ್ದು ‘ಹೂಂ’.

ಆಕೆ ಕೈ ತೆಗೆದು, ‘ಆತ್ರಿ’ ಎಂದು ಹೋದಳು.

ಇದು 1994ರ ಮಳೆಗಾಲದ ಧಾರವಾಡ. ನನಗೆ ಇಪ್ಪತ್ತು ವರ್ಷ, ಬಿ.ಎ. ಎರಡನೇ ವರ್ಷ. ಆಕೆ ನನ್ನದೇ ವರ್ಷ, ಬೇರೆ ವಿಭಾಗ. ಮೀಸೆ ಬಂದಿತ್ತು, ಮಾತು ಬಂದಿರಲಿಲ್ಲ. ಗೆಳೆಯರ ನಡುವೆ ಗಂಟೆಗಟ್ಟಲೆ ಹರಟುತ್ತಿದ್ದವನು ಒಬ್ಬ ಹುಡುಗಿ ‘ಟೈಮ್ ಎಷ್ಟ್ರೀ’ ಎಂದರೆ ಗಡಿಯಾರ ಕಟ್ಟಿದ ಕೈಯನ್ನೇ ಆಕೆಯ ಮುಂದೆ ಚಾಚುತ್ತಿದ್ದೆ, ನೀವೇ ನೋಡಿಕೊಳ್ಳಿ ಎಂಬಂತೆ.

ಹೀಗೆ ನಾನು ಆಕೆಯಿಂದ ಕಸಿದುಕೊಂಡು ಹಾಸ್ಟೆಲಿಗೆ ತಂದ ಪುಸ್ತಕ ಗಿರೀಶ ಕಾರ್ನಾಡರ ‘ಹಯವದನ’. 1971ರ ನಾಟಕ. ಪ್ರಕಟಿಸಿದ್ದು ಧಾರವಾಡದ್ದೇ ಮನೋಹರ ಗ್ರಂಥಮಾಲೆ, ಸುಭಾಸ ರೋಡಿನ ಅಟ್ಟದ ಮೇಲಿರುವುದು. ಆ ಅಟ್ಟದ ಕೆಳಗೆ ದಿನಾ ಓಡಾಡುತ್ತಿದ್ದರೂ ತಲೆಯೆತ್ತಿ ನೋಡಿದವನಲ್ಲ. ಅವತ್ತು ರಾತ್ರಿ, ಕಸಿದುಕೊಂಡ ತಪ್ಪಿಗಾದರೂ ಓದಬೇಕೆಂದು ಕೂತೆ. ಮೊದಲ ಅಂಕದಲ್ಲೇ ದೇವದತ್ತ ಸಿಕ್ಕ. ಕವಿ, ಪಂಡಿತ, ಮೆತ್ತನೆಯ ಮೈಯವನು. ಪದ್ಮಿನಿ ಸಿಕ್ಕರೆ ಕಾಳಿಗೆ ತೋಳು, ರುದ್ರನಿಗೆ ತಲೆ ಕೊಡುತ್ತೇನೆ ಎಂದು ಹರಕೆ ಹೊರುತ್ತಾನೆ. ಆದರೆ ಅವಳ ಮನೆಯ ಬಾಗಿಲು ಬಡಿಯುವ ಕೆಲಸಕ್ಕೆ ಮಾತ್ರ ಗೆಳೆಯ ಕಪಿಲನನ್ನು ಕಳಿಸುತ್ತಾನೆ. ತಲೆ ಕೊಡುವುದು ಸುಲಭ, ಬಾಗಿಲು ಬಡಿಯುವುದು ಕಷ್ಟ. ಇದನ್ನು ಬರೆದವರಿಗೆ ನನ್ನ ಪರಿಚಯ ಹೇಗಾಯಿತು ಎಂದು ದಿಗಿಲಾಯಿತು.

ಬಾಗಿಲು ಬಡಿದ ಗಟ್ಟಿಮೈಯ ಕಪಿಲನೂ ಪದ್ಮಿನಿಗೆ ಮನಸೋತ ಎನ್ನುವುದು ನಾಟಕ ಓದಿದ ಎಲ್ಲರಿಗೂ ಗೊತ್ತು. ನಾನು ಅವತ್ತೇ ಒಂದು ನಿರ್ಧಾರ ಮಾಡಿದೆ: ನನ್ನ ರೂಮ್‌ಮೇಟನ ಕೈಯಲ್ಲಿ ಯಾವ ಚೀಟಿಯನ್ನೂ ಕಳಿಸುವುದಿಲ್ಲ. ಅವನು ದಿನಾ ಬೆಳಿಗ್ಗೆ ನೂರು ದಂಡ ಹೊಡೆಯುತ್ತಿದ್ದ.

ಪುಸ್ತಕದೊಳಗೆ ಒಂದು ಬಸ್ ಟಿಕೆಟ್ಟೂ ಇತ್ತು. ಆಗಿನ ಟಿಕೆಟ್ಟು ನೆನಪಿದೆಯಲ್ಲ: ಕಂಡಕ್ಟರನ ಕಟ್ಟಿನಿಂದ ಹರಿದು, ಚಿಮ್ಮಟದಂಥ ಪಂಚಿನಲ್ಲಿ ತೂತು ಹೊಡೆದು ಕೊಡುತ್ತಿದ್ದ ತೆಳು ಕಾಗದ. ನಾಟಕದ ನಡುವೆ, ಕಾಳಿ ಆಕಳಿಸುವ ಪುಟದಲ್ಲಿ ಯಾರೋ ಗುರುತಿಗೆಂದು ಇಟ್ಟಿದ್ದರು. ಯಾರೋ ಏನು, ಆಕೆಯೇ ಎಂದು ನಾನು ನಂಬಿದೆ. ಮೊದಲೇ ಅರ್ಧ ಓದಿ, ಹಿಂದಿರುಗಿಸಿ, ಉಳಿದರ್ಧಕ್ಕೆ ಮತ್ತೆ ಬಂದಿರಬೇಕು. ನಾನು ಹೂಂ ಎಂದೆ. ಸಾಕ್ಷಿ ಏನೂ ಇರಲಿಲ್ಲ. ಪ್ರೀತಿಯಲ್ಲಿ ಬಿದ್ದವನ ತನಿಖೆಗೆ ಸಾಕ್ಷಿ ಬೇಕಾಗುವುದೂ ಇಲ್ಲ.

*

ಈಗ ಐವತ್ತು ದಾಟಿದ ಮೇಲೆ ಹಿಂದಿರುಗಿ ನೋಡಿದರೆ ಅನ್ನಿಸುವುದು ಇಷ್ಟು: ನನಗೆ ಧೈರ್ಯ ಇರಲಿಲ್ಲ ಎನ್ನುವುದು ಅರ್ಧ ಸತ್ಯ. ಮಾತೇ ಇರಲಿಲ್ಲ. ಮನೆಯಲ್ಲಿ ಆಡುವ ಕನ್ನಡದಲ್ಲಿ, ಸಂತೆಯಲ್ಲಿ ಆಡುವ ಕನ್ನಡದಲ್ಲಿ, ‘ನೀನು ನನಗೆ ಬೇಕು’ ಎನ್ನುವುದಕ್ಕೆ ಒಬ್ಬ ಹುಡುಗ ನೆಟ್ಟಗೆ ಬಳಸಬಹುದಾದ ಒಂದು ಪದವನ್ನೂ ಯಾರೂ ನನ್ನ ಕೈಗೆ ಕೊಟ್ಟಿರಲಿಲ್ಲ.

ಲೆಕ್ಕ ಹಾಕಿ ನೋಡಿ. ‘ಬಯಕೆ’ ಎಂದರೆ ನಮ್ಮ ಮನೆಯಲ್ಲಿ ಬಸುರಿ ಅಕ್ಕನ ಹುಣಸೆಕಾಯಿ. ‘ಪ್ರೀತಿ’ ಅಪ್ಪನಿಗೆ ಎತ್ತುಗಳ ಮೇಲಿತ್ತು. ‘ಕಾಮ’ ಶ್ರಾವಣದ ಪ್ರವಚನದಲ್ಲಿ ಬರುತ್ತಿತ್ತು, ಆರು ವೈರಿಗಳ ಪಟ್ಟಿಯಲ್ಲಿ ಮೊದಲನೆಯವನಾಗಿ. ‘ಪ್ರೇಮ’ ಸಿನಿಮಾ ಹಾಡಿನದು. ಅದನ್ನು ಆಡಬೇಕೆಂದರೆ ಹಿಂದೆ ಪಿಟೀಲು ಬೇಕು, ಮುಂದೆ ಊಟಿ ಬೇಕು. ಹಾಸ್ಟೆಲಿನಲ್ಲಿ ‘ಲೈನ್ ಹೊಡಿ’, ‘ಕಾಳ ಹಾಕು’ ಇದ್ದವು. ಕಾಳು ಹಾಕುವುದು ಕೋಳಿಗೆ. ಆಕೆಯನ್ನು ನೆನೆದು ಆ ಮಾತು ಆಡಿದರೆ ಬಾಯಿ ತೊಳೆಯಬೇಕು ಅನ್ನಿಸುತ್ತಿತ್ತು. ಅದಕ್ಕೂ ಕೆಳಗಿಳಿದರೆ ಬೈಗುಳ. ಗಂಡು-ಹೆಣ್ಣಿನ ಮೈಯ ಪ್ರತಿಯೊಂದು ಅಂಗಕ್ಕೂ, ಪ್ರತಿಯೊಂದು ಕೆಲಸಕ್ಕೂ ನಮ್ಮಲ್ಲಿ ಹೆಸರುಂಟು. ಅದೆಲ್ಲ ಜಗಳದಲ್ಲಿ ಖರ್ಚಾಗುತ್ತದೆ.

ನಮ್ಮೂರ ಕಡೆ ‘ಅಕಿ ಮ್ಯಾಲೆ ಮನಸಾಗೇತಿ’ ಎಂಬ ಒಂದು ಚೆಂದದ ಮಾತು ಇತ್ತು, ಇಲ್ಲವೆನ್ನುವುದಿಲ್ಲ. ಅದನ್ನು ಬೇರೆಯವರ ಬಗ್ಗೆ, ಅದೂ ಇಬ್ಬರೂ ಓಡಿಹೋದ ಮೇಲೆ ಹೇಳುತ್ತಿದ್ದರು. ‘ನನಗ ಮನಸಾಗೇತಿ’ ಎಂದು ತನ್ನ ಬಗ್ಗೆ ತಾನೇ ಹೇಳಿಕೊಂಡ ಒಬ್ಬರನ್ನೂ ನಾನು ಕೇಳಿರಲಿಲ್ಲ.

ಇದರಲ್ಲೊಂದು ತಮಾಷೆ ಇದೆ. ನನ್ನ ಹಳ್ಳಿ ನವಲಗುಂದಕ್ಕೆ ಹತ್ತಿರ. ನವಲಗುಂದವೆಂದರೆ ರಾಮಲಿಂಗ ಕಾಮಣ್ಣ. ಹೋಳಿ ಹುಣ್ಣಿವೆಗೆ ದೂರದೂರುಗಳಿಂದ ಜನ ಬರುತ್ತಾರೆ. ಮದುವೆಯಾಗದವರು, ಮಕ್ಕಳಿಲ್ಲದವರು, ಕೆಲಸ ಸಿಗದವರು ಹರಕೆ ಹೊರುತ್ತಾರೆ. ಈಡೇರಿದವರು ಮರುವರ್ಷ ಬಂದು ತೀರಿಸುತ್ತಾರೆ. ಶಿವನ ಹಣೆಗಣ್ಣಿಗೆ ಸುಟ್ಟುಹೋದ ಕಾಮನನ್ನು ಬಹಳ ಕಡೆ ಸುಡುವುದಕ್ಕೆಂದೇ ಕೂರಿಸುತ್ತಾರೆ. ಇಲ್ಲಿ ಅವನು ಕೇಳಿದ್ದು ಕೊಡುವ ದೇವರು. ಡಿಗ್ರಿ ಮೊದಲ ವರ್ಷದ ಹೋಳಿಗೆ ಅಮ್ಮ, ಅಂದರೆ ನನ್ನ ಅಜ್ಜಿ, ಕೈಹಿಡಿದು ಕರೆದುಕೊಂಡು ಹೋಗಿದ್ದಳು. ಜನರ ನೂಕುನುಗ್ಗಲಿನಲ್ಲಿ ನಾನು ಅಡ್ಡಡ್ಡ ನೋಡುತ್ತ ನಿಂತಿದ್ದೆ. ಅಮ್ಮ ಬೆನ್ನಿಗೆ ಗುದ್ದಿದಳು.

‘ನೆಟ್ಟಗ ನೋಡಿ ಕೈ ಮುಗಿಯೋ ಖೋಡಿ. ನಾಚಗೊಂಡವಗ ದೇವ್ರೂ ಕೊಡಂಗಿಲ್ಲ.’

ಎಂಬತ್ತರ ಹತ್ತಿರದ ಮುದುಕಿ, ಇಪ್ಪತ್ತರ ಮೊಮ್ಮಗನಿಗೆ ಕಾಮನ ಮುಂದೆ ನಾಚಬೇಡ ಎನ್ನುತ್ತಾಳೆ. ಹೊರಗೆ ಹಲಗೆಯ ಸಪ್ಪಳಕ್ಕೆ ನೆಲ ನಡುಗುತ್ತಿತ್ತು. ಹುಡುಗರು ಬಾಯಿಗೆ ಕೈ ಬಡಿದು ಲಬೋ ಲಬೋ ಎಂದು ಹೊಯ್ಕೊಳ್ಳುತ್ತಿದ್ದರು. ಓಣಿಯ ಹಿರಿಯರು, ವರ್ಷವಿಡೀ ಗಂಭೀರವಾಗಿ ಪಂಚಾಯ್ತಿ ಮಾಡುವವರು, ಬಣ್ಣ ಮೆತ್ತಿಕೊಂಡು ಹೋಳಿ ಪದ ಹೇಳುತ್ತಿದ್ದರು. ಅವುಗಳ ಒಂದೊಂದು ನುಡಿಯೂ ಪುರವಣಿಯಲ್ಲಿ ಅಚ್ಚಾಗುವಂಥದ್ದಲ್ಲ. ಬಾಗಿಲ ಮರೆಯಲ್ಲಿ ನಿಂತ ಹೆಂಗಸರು ಸೆರಗು ಬಾಯಿಗೊತ್ತಿ ನಗುತ್ತಿದ್ದರು. ಮರುದಿನ ಎಲ್ಲರೂ ಎಣ್ಣೆ ಹಚ್ಚಿ ಸ್ನಾನ ಮಾಡಿದರು. ಬಣ್ಣದ ಜೊತೆಗೆ ಮಾತೂ ಬಚ್ಚಲಿಗೆ ಹೋಯಿತು. ಇನ್ನು ಮುಂದಿನ ವರ್ಷ.

*

ಬಚ್ಚಲಿಗೆ ಹೋಗದೆ ಉಳಿದ ಒಂದು ಭಾಷೆ ಇತ್ತು. ಅದು ಗೋಡೆಯ ಮೇಲಿತ್ತು.

ಬಸ್ ನಿಲ್ದಾಣದ ಮೂತ್ರಿ, ರೈಲ್ವೆ ಹಳಿಯ ಪಕ್ಕದ ಕಂಪೌಂಡು, ಹಳೆಯ ಗಿರಣಿಯ ಗೋಡೆ. ನೀಲಿ ಅಕ್ಷರ, ಬಿಳಿ ಸುಣ್ಣ. ಧಾತು ನಷ್ಟ, ಸ್ವಪ್ನದೋಷ, ಯೌವನದ ತಪ್ಪುಗಳು, ಮದುವೆಗೆ ಮುಂಚೆ ಒಮ್ಮೆ ಭೇಟಿಯಾಗಿ. ಕೆಳಗೆ ಲಾಡ್ಜಿನ ಹೆಸರು, ರೂಮ್ ನಂಬರು, ತಿಂಗಳಿನ ಯಾವ ತಾರೀಖು ಎಂಬುದು. ನನ್ನ ವಯಸ್ಸಿನ ಹುಡುಗರು ದಿನಾ ಓದುತ್ತಿದ್ದ ಕನ್ನಡ ಗದ್ಯ ಅದೇ. ನನಗೆ ನನ್ನ ಮೈಯ ಬಗ್ಗೆ ತಿಳಿಸಿದ ಮೊದಲ ಲೇಖಕ ಆ ಗೋಡೆಗೆ ಸುಣ್ಣ ಬಳಿದವನು. ನಾನು ಮಾಡದ ತಪ್ಪುಗಳನ್ನೂ ಅವನು ಮೊದಲೇ ಕ್ಷಮಿಸಿ ಚೀಟಿ ಬರೆದಿಟ್ಟಿದ್ದ.

ಆ ಮಳೆಗಾಲ ನನ್ನ ಮೈ ನನ್ನ ಮಾತು ಕೇಳುವುದನ್ನು ಬಿಟ್ಟಿತ್ತು. ಒಂದು ಸಂಜೆ ಹುಬ್ಬಳ್ಳಿಯ ಬಸ್ಸಿನಲ್ಲಿ ಆಕೆ ಎರಡು ಸೀಟು ಮುಂದೆ ನಿಂತಿದ್ದಳು. ಮಳೆಗೆ ನೆನೆದ ಜಡೆ, ಕಂಬಿ ಹಿಡಿದ ಕೈ, ತೋಳಿನ ಮೇಲೆ ಸಿಡುಬಿನ ಚುಚ್ಚುಮದ್ದಿನ ದುಂಡನೆಯ ಕಲೆ. ಇಷ್ಟೇ. ಆ ಕಲೆಯ ಮೇಲೆ ಹೆಬ್ಬೆರಳು ಇಟ್ಟರೆ ಸರಿಯಾಗಿ ಕೂರುತ್ತದೆ ಎಂಬ ಯೋಚನೆ ಬಂತು. ಆ ಒಂದು ಯೋಚನೆ ವಾರಗಟ್ಟಲೆ ನಿದ್ದೆ ಕೆಡಿಸಿತು. ಬಂದ ನಿದ್ದೆಯಲ್ಲೂ ಅದೇ. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಎದ್ದು ಹಾಸ್ಟೆಲಿನ ತೊಟ್ಟಿಯ ಹತ್ತಿರ ಲುಂಗಿ ಒಗೆಯುವುದು. ‘ಏನಪಾ, ಭಾಳ ಮಡಿ ಆಗಿಬಿಟ್ಟಿ’ ಎಂದು ರೂಮ್‌ಮೇಟ್ ನಗುತ್ತಿದ್ದ. ಅವನೂ ಒಗೆಯುತ್ತಿದ್ದ ಎನ್ನುವುದು ಬಹಳ ವರ್ಷದ ಮೇಲೆ ತಿಳಿಯಿತು.

ಆಗ ಹಾಸ್ಟೆಲಿನಲ್ಲಿ ಚಾಲ್ತಿಯಲ್ಲಿದ್ದ ಲೆಕ್ಕ ಇದು: ನಲವತ್ತು ತುತ್ತು ಅನ್ನಕ್ಕೆ ಒಂದು ಹನಿ ರಕ್ತ, ನಲವತ್ತು ಹನಿ ರಕ್ತಕ್ಕೆ ಒಂದು ಹನಿ ಮಜ್ಜೆ, ನಲವತ್ತು ಹನಿ ಮಜ್ಜೆಗೆ ಒಂದು ಹನಿ ಧಾತು. ಖಾನಾವಳಿಯ ಎರಡು ರೊಟ್ಟಿ, ಹಿಡಿ ಅನ್ನದಲ್ಲಿ ಈ ಗಣಿತ ಹೊಂದಿಸಲು ಕೂತರೆ ನಾನು ಇಷ್ಟರಲ್ಲಿ ಸತ್ತಿರಬೇಕಿತ್ತು. ಕನ್ನಡಿಯಲ್ಲಿ ಕೆನ್ನೆ ಒಳಗೆ ಹೋದ ಹಾಗೆ ಕಂಡಿತು. ಮನೆಯಿಂದ ಬಂದಿದ್ದ ಮೆಸ್ಸಿನ ದುಡ್ಡಿನಲ್ಲಿ ನೂರೈವತ್ತು ರೂಪಾಯಿ ಎತ್ತಿಟ್ಟುಕೊಂಡು ಒಂದು ತಾರೀಖಿಗೆ ಆ ಲಾಡ್ಜಿನ ಮೆಟ್ಟಿಲು ಹತ್ತಿದೆ.

ಮೇಲೆ ಬೆಂಚಿನ ಮೇಲೆ ಏಳೆಂಟು ಹುಡುಗರು ಕೂತಿದ್ದರು. ಎಲ್ಲರೂ ಪೇಪರ್ ಓದುತ್ತಿದ್ದರು. ಒಬ್ಬನಂತೂ ತಲೆಕೆಳಗಾಗಿ ಹಿಡಿದುಕೊಂಡಿದ್ದ. ಅವರಲ್ಲೊಬ್ಬ ನನ್ನ ಸೀನಿಯರ್, ಚರ್ಚಾಸ್ಪರ್ಧೆಯಲ್ಲಿ ಢಾಲು ಗೆದ್ದವನು. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಒಳಗಿದ್ದವನು ನಾಡಿ ಹಿಡಿದು, ಕಣ್ಣು ಮುಚ್ಚಿ, ‘ಇನ್ನೂ ಆರು ತಿಂಗಳು ಬಿಟ್ಟು ಬಂದಿದ್ದರೆ ಕಷ್ಟವಿತ್ತು’ ಎಂದ. ಒಂದು ಡಬ್ಬಿ ಲೇಹ್ಯ ಕೊಟ್ಟ. ಅದು ಬೆಲ್ಲ, ತುಪ್ಪ, ಮತ್ತೇನೋ ಬೇರಿನ ವಾಸನೆ ಹೊಡೆಯುತ್ತಿತ್ತು. ರುಚಿಯಾಗಿತ್ತು. ರೂಮ್‌ಮೇಟ್ ಕದ್ದು ತಿಂದು ಎರಡೇ ದಿನದಲ್ಲಿ ಮುಗಿಸಿದ.

ಈ ಭಯಕ್ಕೆ ಒಂದು ಹೆಸರಿದೆ ಎನ್ನುವುದು ನನಗೆ ಗೊತ್ತಾದದ್ದು ನಲವತ್ತು ದಾಟಿದ ಮೇಲೆ. ಮನೋವೈದ್ಯ ಎನ್.ಎನ್. ವಿಗ್ ಅವರು 1960ರಲ್ಲೇ ಇದನ್ನು ‘ಧಾತ್ ಸಿಂಡ್ರೋಮ್’ ಎಂದು ಕರೆದಿದ್ದರು. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ ಹತ್ತನೆಯ ಆವೃತ್ತಿಯಲ್ಲೂ ಅದರ ಉಲ್ಲೇಖ ಇದೆ. ಸುಸ್ತು, ನಿದ್ದೆಗೇಡು, ಎದೆಬಡಿತ, ತಪ್ಪಿತಸ್ಥ ಭಾವ, ಇವೆಲ್ಲ ನಿಜವಾಗಿ ಆಗುತ್ತವೆ. ಧಾತು ಹೋದದ್ದರಿಂದಲ್ಲ, ಹೋಯಿತಲ್ಲಾ ಎಂಬ ಕೊರಗಿನಿಂದ. ಮೈಯಲ್ಲಿ ವೀರ್ಯದ ಹಗೇವು ಏನೂ ಇಲ್ಲ, ತೆಗೆದಂತೆ ಬರಿದಾಗುವುದಕ್ಕೆ. ಅದು ತಯಾರಾಗುತ್ತಲೇ ಇರುತ್ತದೆ, ನಿದ್ದೆಯಲ್ಲಿ ಹೊರಹೋಗುವುದೂ ಆ ವಯಸ್ಸಿನ ಸಹಜ ವ್ಯಾಪಾರ. ನಮ್ಮವರಷ್ಟೇ ಹೆದರಿದವರು ಎಂದುಕೊಳ್ಳಬೇಡಿ. 1760ರಲ್ಲಿ ಸ್ವಿಟ್ಜರ್ಲೆಂಡಿನ ಟಿಸ್ಸೋ ಎಂಬ ವೈದ್ಯ ಇದೇ ಭಯದ ಮೇಲೆ ಪುಸ್ತಕ ಬರೆದು ಯುರೋಪಿನ ಹುಡುಗರ ನಿದ್ದೆ ಕೆಡಿಸಿದ್ದ. ಅವನದೂ ನಲವತ್ತರ ಲೆಕ್ಕವೇ: ಒಂದಳತೆ ವೀರ್ಯ ಹೋದರೆ ನಲವತ್ತಳತೆ ರಕ್ತ ಹೋದ ಹಾಗಂತೆ. ಯಾರಿಂದ ಯಾರು ಕಾಪಿ ಹೊಡೆದರೋ.

ನನ್ನ ಸಿಟ್ಟು ಲಾಡ್ಜಿನವನ ಮೇಲಿಲ್ಲ. ಬಾಯಿ ಬಿಟ್ಟವನು ಅವನೊಬ್ಬನೇ. ಮೇಷ್ಟರು ಬಿಡಲಿಲ್ಲ, ಅಪ್ಪ ಬಿಡಲಿಲ್ಲ. ಶಾಲೆಗಳಿಗೆ ಬಂದ ಹದಿಹರೆಯದ ಶಿಕ್ಷಣದ ಕಾರ್ಯಕ್ರಮವನ್ನು 2007ರಲ್ಲಿ ಬೇಡವೆಂದ ರಾಜ್ಯಗಳ ಸಾಲಿನಲ್ಲಿ ನಮ್ಮದೂ ಇತ್ತು. ನನ್ನ ನೂರೈವತ್ತು ರೂಪಾಯಿ ಅವತ್ತು ಮತ್ತೊಮ್ಮೆ ನೆನಪಾಯಿತು.

*

ಕನ್ನಡಕ್ಕೆ ಇದರ ಮಾತೇ ಗೊತ್ತಿಲ್ಲ ಎಂದರೆ ಮಾತ್ರ ನಾಲಿಗೆ ಸುಡುತ್ತದೆ. ನಮಗೆ ಆ ವರ್ಷ ಜನ್ನನ ‘ಯಶೋಧರ ಚರಿತೆ’ ಪಠ್ಯವಾಗಿತ್ತು. 1209ರ ಕಾವ್ಯ. ಅರಸಿ ಅಮೃತಮತಿ ರಾತ್ರಿ ಅರಮನೆಯಲ್ಲಿ ಮಲಗಿರುವಾಗ ಆನೆಶಾಲೆಯ ಕಡೆಯಿಂದ ಮಾವುತನೊಬ್ಬನ ಹಾಡು ಕೇಳಿಬರುತ್ತದೆ. ಅವನನ್ನು ನೋಡಿಲ್ಲ, ಹೆಸರು ಗೊತ್ತಿಲ್ಲ; ಬರೀ ದನಿಗೆ ಮನಸ್ಸು ಕೊಡುತ್ತಾಳೆ. ದೂತಿಯನ್ನು ಕಳಿಸುತ್ತಾಳೆ. ದೂತಿ ಅವನ ಕುರೂಪವನ್ನು ಕಂಡು ಹೇಸಿ ವಾಪಸು ಬಂದು ಹೇಳುತ್ತಾಳೆ. ಅರಸಿಯ ಮನಸ್ಸು ಕದಲುವುದಿಲ್ಲ. ಜನ್ನ ಆಮೇಲೆ ಅವಳನ್ನು ಕ್ಷಮಿಸುವುದಿಲ್ಲ, ಅದು ಬೇರೆ ಮಾತು. ಜೈನ ಕವಿಗೆ ಹೇಳಬೇಕಾದ ಧರ್ಮ ಬೇರೆಯದಿತ್ತು. ಆದರೆ ಕಿವಿಯ ಮೂಲಕ ಒಂದು ಮೈ ಹೇಗೆ ಎಚ್ಚರಾಗುತ್ತದೆ ಎನ್ನುವುದನ್ನು ಅವನು ಬರೆದಿರುವಾಗ ಅವನ ಕೈ ಧರ್ಮವನ್ನು ಮರೆತಿದೆ ಎಂದೇ ನನ್ನ ಅಂದಾಜು.

ನಮ್ಮ ಮೇಷ್ಟರು ಒಳ್ಳೆಯವರು, ಹಳಗನ್ನಡವನ್ನು ಹಾಡಿ ಹೇಳುವವರು. ಹಾಡು ಕೇಳಿಸುವ ಪದ್ಯದ ತನಕ ಚೆನ್ನಾಗಿ ಬಂದರು. ಅಲ್ಲಿ ಕನ್ನಡಕ ತೆಗೆದು ಒರೆಸಿದರು. ‘ಇಲ್ಲಿಂದ ಮುಂದ ನೀವs ಓದಕೋರಿ. ಪರೀಕ್ಷಾಕ್ಕ ಬರಂಗಿಲ್ಲ’ ಎಂದರು. ಹುಡುಗಿಯರ ಸಾಲು ನೋಟ್‌ಬುಕ್ಕಿನೊಳಗೆ ಮುಖ ಹುದುಗಿಸಿತು. ಹುಡುಗರ ಸಾಲಿನಲ್ಲಿ ಯಾರೋ ಕೆಮ್ಮಿದರು. ಆ ರಾತ್ರಿ ಹಾಸ್ಟೆಲಿನಲ್ಲಿ ಎಂದೂ ಪುಸ್ತಕ ಮುಟ್ಟದವರೂ ಶಬ್ದಕೋಶ ಹಿಡಿದು ಕೂತಿದ್ದರು. ಹಳಗನ್ನಡಕ್ಕೆ ಅಷ್ಟು ಓದುಗರು ಒಟ್ಟಿಗೆ ಸಿಕ್ಕದ್ದು ಅದೊಂದೇ ರಾತ್ರಿ ಇರಬೇಕು. ನನಗೆ ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ. ಎಂಟುನೂರು ವರ್ಷದ ಹಿಂದೆ ಒಬ್ಬ ಹೆಂಗಸಿಗೆ ಆದದ್ದು ನನಗೂ ಆಗುತ್ತಿದೆ, ಇದು ರೋಗವಲ್ಲ ಎಂಬಷ್ಟು ಮಾತ್ರ ಸ್ಪಷ್ಟವಾಯಿತು. ಲೇಹ್ಯದ ಖಾಲಿ ಡಬ್ಬಿಯನ್ನು ಶೇವಿಂಗ್ ಬ್ರಷ್ ಇಡಲು ಬಳಸತೊಡಗಿದೆ.

*

ನಾಚಿಕೆಯ ಹುಡುಗರನ್ನು ನಮ್ಮ ಕಥೆಗಳು ಬಹಳ ಮುದ್ದು ಮಾಡುತ್ತವೆ. ಪಾಪ, ಬಾಯಿ ಸತ್ತವನು, ಒಳ್ಳೆಯವನು. ನಾನೂ ನನ್ನ ಬಗ್ಗೆ ಹಾಗೇ ಅಂದುಕೊಂಡಿದ್ದೆ. ಆದರೆ ಲೆಕ್ಕ ಒಪ್ಪಿಸಬೇಕಾದಾಗ ಇದನ್ನೂ ಬರೆಯಬೇಕು: ನಾನು ಆಕೆಯ ಹಿಂದೆ ಬಸ್ಸು ಹತ್ತಿದ್ದೇನೆ. ಟಿಕೆಟ್ಟಿನ ದರದಿಂದ ಎಲ್ಲಿ ಇಳಿಯುತ್ತಾಳೆ ಎಂದು ಊಹಿಸಿ, ಖಾತ್ರಿ ಮಾಡಿಕೊಳ್ಳಲು ಮೂರು ಸಲ ಅದೇ ಬಸ್ಸಿನಲ್ಲಿ ಹೋಗಿದ್ದೇನೆ. ನವಲೂರಿನಲ್ಲಿ ಇಳಿಯುತ್ತಿದ್ದಳು. ನಾನು ಮುಂದಿನ ಸ್ಟಾಪಿನಲ್ಲಿ ಇಳಿದು, ಏನೋ ಸಾಧಿಸಿದವನಂತೆ ವಾಪಸು ಬರುತ್ತಿದ್ದೆ. ಒಂದು ಮಾತೂ ಆಡಿಲ್ಲ, ಒಂದು ಸನ್ನೆಯೂ ಮಾಡಿಲ್ಲ, ಹಾಗಾಗಿ ತಪ್ಪೇನೂ ಇಲ್ಲ ಎಂಬುದು ಆಗಿನ ನನ್ನ ನಂಬಿಕೆ. ಮಾತಾಡದೆ ನೋಡುತ್ತಲೇ ಇರುವ ಗಂಡಸು ಹೆಣ್ಣಿಗೆ ಹೇಗೆ ಕಾಣುತ್ತಾನೆ ಎಂದು ಯಾರೂ ಹೇಳಿಕೊಟ್ಟಿರಲಿಲ್ಲ. ಆಮೇಲೆ ಆಕೆಯೇ ಹೇಳಿದಳು: ‘ಮಾತಾಡೋರಿಗೆ ನಾ ಅಂಜಂಗಿಲ್ರಿ. ನೀವು ಸುಮ್ಮನ ನೋಡತಿದ್ರಿ ನೋಡ್ರಿ, ಅದಕ್ಕ ಅಂಜಿಕಿ ಬರತಿತ್ತು.’

ಆ ಮಾತು ಕೇಳಿದಾಗ ಆದ ನಾಚಿಕೆ ಹಿಂದಿನ ನಾಚಿಕೆಗಳಂಥದ್ದಲ್ಲ. ಇವತ್ತಿಗೂ ಹೋಗಿಲ್ಲ.

ಪತ್ರವನ್ನೂ ಬರೆದಿದ್ದೆ, ಎಲ್ಲರ ಹಾಗೆ. ಮೂರು ಹಾಳೆ. ಹಾಡಿನ ಪ್ರೇಮ, ಪ್ರವಚನದ ಕಾಮ, ಜನ್ನನ ಕಂದಪದ್ಯ ಎಲ್ಲ ಕಲಸಿ ಮಾಡಿದ್ದು. ಅಂಗಿಯ ಜೇಬಿನಲ್ಲಿ ಹನ್ನೊಂದು ದಿನ ಇತ್ತು. ಹನ್ನೆರಡನೆಯ ದಿನ ಅಂಗಿಯ ಜೊತೆ ತೊಟ್ಟಿಗೆ ಬಿದ್ದು ಮುದ್ದೆಯಾಯಿತು. ಜೇಬಿನ ಮೇಲೆ ನೀಲಿ ಕಲೆ ಉಳಿಯಿತು. ಒಂದು ಅಕ್ಷರವೂ ಓದಲು ಬಾರದ ಆ ಕಲೆಯೇ ನಾನು ಬರೆದ ಪತ್ರಗಳಲ್ಲೆಲ್ಲ ಮೇಲಾದದ್ದು.

ಮೊನ್ನೆ ಅಣ್ಣನ ಮಗ ರಜೆಗೆ ಬಂದಿದ್ದ. ಬೆಂಗಳೂರಿನಲ್ಲಿ ಕೆಲಸ, ಇಪ್ಪತ್ತಮೂರು ವರ್ಷ. ಅವನ ಕೈಯೊಳಗಿನ ಮೊಬೈಲಿನಲ್ಲಿ ಜಗತ್ತಿನ ಎಲ್ಲ ಮೈಗಳೂ ಇವೆ, ನನಗಿದ್ದ ಧಾತುವಿನ ಭಯ ಅವನಿಗಿಲ್ಲ. ರಾತ್ರಿ ಹತ್ತೂವರೆಗೆ ಅಂಗಳದಲ್ಲಿ ಕೂತು ಏನೋ ಬರೆಯುತ್ತಿದ್ದ, ಅಳಿಸುತ್ತಿದ್ದ. ಮತ್ತೆ ಬರೆಯುತ್ತಿದ್ದ. ಹತ್ತಿರ ಹೋದೆ. ಸ್ಕ್ರೀನು ಎದೆಗೆ ಒತ್ತಿಕೊಂಡ. ಸ್ವಲ್ಪ ಹೊತ್ತಾದ ಮೇಲೆ, ‘ಕಾಕಾ, ಅಕಿಗೆ ಏನಂತ ಬರೀಲಿ?’ ಎಂದ. ಇಂಗ್ಲಿಷಿನಲ್ಲಿ ಬರೆದರೆ ಎಲ್ಲರೂ ಬರೆಯುವಂಥದ್ದಾಗುತ್ತದಂತೆ, ಕನ್ನಡದಲ್ಲಿ ಬರೆದರೆ ಸಿನಿಮಾದಂತಾಗುತ್ತದಂತೆ. ಕೊನೆಗೆ ಒಂದು ಹಳದಿ ಮುಖದ ಚಿತ್ರ ಕಳಿಸಿ ಎದ್ದುಹೋದ. ನನ್ನ ‘ಹೂಂ’ಗೂ ಅದಕ್ಕೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ.

*

ನಾವು ಮದುವೆಯಾಗಲಿಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅದರ ಕಾರಣಗಳು ಜಾತಿ, ಜಮೀನು, ಒಬ್ಬ ಸೋದರಮಾವ. ಎಲ್ಲ ಮನೆಗಳಲ್ಲೂ ಇರುವಂಥವೇ. ಅರ್ಧ ಕಥೆ ಆಕೆಯದು, ಅದನ್ನು ಹೇಳುವ ಹಕ್ಕು ನನಗಿಲ್ಲ. ನನ್ನ ಪಾಲಿನದ್ದು ಒಂದು ಸಂಜೆಯದು, 1995ರ ಜನವರಿ.

ಪೇರಲ ಹಣ್ಣಿನ ಕಾಲ. ನವಲೂರಿನ ಪೇರಲಕ್ಕೆ ಧಾರವಾಡದಲ್ಲಿ ಬೇರೆಯೇ ಮರ್ಯಾದೆ. ಬಸ್ ನಿಲ್ದಾಣದಲ್ಲಿ ಬುಟ್ಟಿ ಇಟ್ಟುಕೊಂಡು ಕೂತ ಹೆಂಗಸರು ಹಣ್ಣನ್ನು ನಾಲ್ಕಾಗಿ ಸೀಳಿ, ನಡುವೆ ಉಪ್ಪು-ಖಾರ ಸವರಿ ಕೊಡುತ್ತಾರೆ. ಆಕೆ ಒಂದು ಹಣ್ಣು ಸೀಳಿಸಿಕೊಂಡು ನಿಂತಿದ್ದಳು. ನಾನು ಕಂಬದ ಪಕ್ಕ, ಎಂದಿನಂತೆ. ಆಕೆ ನೇರ ನನ್ನ ಹತ್ತಿರ ಬಂದಳು. ಓಡಿಹೋಗಲು ಕಾಲು ತಿರುಗಿಸಿದ್ದೆ. ಅಮ್ಮ ಬೆನ್ನಿಗೆ ಗುದ್ದಿದ ಜಾಗ ಚುರ್ರೆಂದಿತು.

‘ಆ ಪುಸ್ತಕಾ ಅವತ್ತ ನನಗ ಬೇಕಾಗಿತ್ರಿ’ ಎಂದಳು. ‘ನೀವು ಹೂಂ ಅಂದ್ರಿ.’

‘ನನಗ ಬೇಕಾಗಿದ್ದಿಲ್ರಿ.’

‘ಮತ್ತ ಹೂಂ ಯಾಕ ಅಂದ್ರಿ?’

ಹಾಡು, ಪ್ರವಚನ, ಜನ್ನ, ಯಾವುದೂ ನೆರವಿಗೆ ಬರಲಿಲ್ಲ. ಹೆಂಗಸು ಚಾಕು ಒರೆಸುತ್ತ ನಮ್ಮಿಬ್ಬರನ್ನೂ ನೋಡುತ್ತಿದ್ದಳು.

‘ನೀವು ಕೇಳಿದ್ರೆಲ್ಲ. ಅದಕ್ಕ’ ಎಂದೆ.

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. ನಕ್ಕಳೋ ಇಲ್ಲವೋ ಹೇಳಲಾರೆ, ನಾನು ಆಕೆಯ ಚಪ್ಪಲಿಯ ಉಂಗುಷ್ಠ ನೋಡುತ್ತಿದ್ದೆ. ಆಮೇಲೆ ಪೇರಲದ ಒಂದು ಸೀಳು ಮುರಿದು ನನ್ನ ಅಂಗೈಯಲ್ಲಿಟ್ಟಳು. ಇಡುವಾಗ ಆಕೆಯ ಬೆರಳ ತುದಿಯ ಖಾರ ನನ್ನ ಕೈಗೆ ಹತ್ತಿತು. ಹುಬ್ಬಳ್ಳಿಯ ಕೆಂಪು ಬಸ್ಸು ಬಂತು. ಕಂಡಕ್ಟರ್ ‘ಸತ್ತೂರ, ನವಲೂರ, ನವನಗರ’ ಎಂದು ಕೂಗಿದ. ನಾನು ಎಂದಿನ ಅಭ್ಯಾಸದಂತೆ, ‘ಬಸ್ ಬಂತ್ರಿ’ ಎಂದೆ.

‘ಬರ್ಲಿ ಬಿಡ್ರಿ’ ಎಂದಳು. ‘ಅದರ ಹಿಂದ ಇನ್ನೊಂದ ಐತಿ.’